ಗೋವೆಯ ಇರುಳು: ಮಾಂಡೊ, ತಾವೆರ್ನ ಮತ್ತು ತಿಯಾತ್ರ

ಪ್ರಾಚೀನ ಅಲಂಕಾರಶಾಸ್ತ್ರವು ಮಹಾಕಾವ್ಯಕ್ಕೆ ವಿಧಿಸಿದ ಹದಿನೆಂಟು ವರ್ಣನೆಗಳಲ್ಲಿ ಮಧುಪಾನವೂ ಒಂದು. ಪಂಪನು ‘ವಿಕ್ರಮಾರ್ಜುನವಿಜಯ’ದ ನಾಲ್ಕನೆಯ ಆಶ್ವಾಸದಲ್ಲಿ ಇರುಳಿನ ವರ್ಣನೆಯೊಡನೆ ಪಾನಗೋಷ್ಠಿಯನ್ನೂ ತರುತ್ತಾನೆ. ಇರುಳು, ಸ್ನೇಹಿತರು, ಹಾಡು, ಪಾನ ಇವು ಒಂದೆಡೆ ಕೂಡುವುದು ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಅಪರಿಚಿತ ಸಂಗತಿಯಲ್ಲ. ಇಂದು ಈ ನಾಲ್ಕನ್ನೂ ಒಟ್ಟಿಗೆ ನೆನೆದಾಗ ಕನ್ನಡಿಗರ ಮನಸ್ಸಿಗೆ ಮೊದಲು ಬರುವ ಊರು ಗೋವೆ. 1961ರ ಡಿಸೆಂಬರ್ 19ರಂದು ಪೋರ್ಚುಗೀಸರ ಆಳ್ವಿಕೆಯಿಂದ ಗೋವೆ ಬಿಡುಗಡೆಗೊಂಡಿತು. 1968ರಲ್ಲಿಯೇ ರಾಜ್‌ಕುಮಾರ್ ಅಭಿನಯದ ‘ಗೋವಾದಲ್ಲಿ ಸಿ.ಐ.ಡಿ. 999’ ತೆರೆಕಂಡಿತು. ಅಂದಿನಿಂದ ಇಂದಿನವರೆಗೂ ಆ ಊರಿನ ಹೆಸರೇ ಒಂದು ಆಕರ್ಷಣೆ.

ವಾರಾಂತ್ಯಕ್ಕೆ ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರುಗಳಿಂದ ಹೊರಡುವ ಗೆಳೆಯರ ತಂಡವು ಅಲ್ಲಿ ಸಂಗೀತ ಕಾರ್ಯಕ್ರಮವೊಂದನ್ನು ಕೇಳಿ, ಪಬ್ಬೊಂದರಲ್ಲಿ ಕುಳಿತು, ಬೆಳಗಿನ ಜಾವಕ್ಕೆ ಕೋಣೆ ಸೇರುತ್ತದೆ. ಈ ಇರುಳು ಪ್ರವಾಸಿಗರಿಗಾಗಿಯೇ ಹುಟ್ಟಿಕೊಂಡದ್ದೆಂದು ಅವರು ಭಾವಿಸುವುದು ಸಹಜ. ಆದರೆ ಪ್ರವಾಸೋದ್ಯಮ ಬರುವುದಕ್ಕೆ ಬಹಳ ಮೊದಲೇ ಗೋವೆಯಲ್ಲಿ ಇರುಳಿನ ಕೂಟಕ್ಕೆ ಮೂರು ನೆಲೆಗಳಿದ್ದವು: ಸಿರಿವಂತರ ಮನೆಯ ನರ್ತನದ ಹಜಾರ, ಊರಿನ ತಾವೆರ್ನ ಮತ್ತು ತಿಯಾತ್ರದ ರಂಗ.

ಹಜಾರದ ಹಾಡು ಮಾಂಡೊ. ಹತ್ತೊಂಬತ್ತನೆಯ ಶತಮಾನದಲ್ಲಿ ದಕ್ಷಿಣ ಗೋವೆಯ ಮೇಲ್ವರ್ಗದ ಕ್ರೈಸ್ತ ಕುಟುಂಬಗಳಲ್ಲಿ ಇದು ರೂಪುಗೊಂಡಿತು. ಗಂಡಸರು ಹೆಂಗಸರು ಎದುರುಬದುರು ಸಾಲಾಗಿ ನಿಂತು ಮಂದಗತಿಯಲ್ಲಿ ಹೆಜ್ಜೆ ಹಾಕುತ್ತಾರೆ. ಸಾಹಿತ್ಯ ಕೊಂಕಣಿಯದು, ಸ್ವರಸಂಯೋಜನೆಯಲ್ಲಿ ಪಶ್ಚಿಮದ ಛಾಯೆ ಕಾಣುತ್ತದೆ. ಪಿಟೀಲಿನ ಜೊತೆಗೆ ನುಡಿಯುವುದು ಘುಮಟ್ ಎಂಬ ಮಣ್ಣಿನ ವಾದ್ಯ. ಹಿಂದೆ ಇದಕ್ಕೆ ಉಡದ ಚರ್ಮವನ್ನು ಬಿಗಿಯುತ್ತಿದ್ದರು. ಉಡವು ಸಂರಕ್ಷಿತ ಪ್ರಾಣಿಯಾದ ಮೇಲೆ ಆಡಿನ ಚರ್ಮ ಬಳಕೆಗೆ ಬಂದಿತು. 2019ರಲ್ಲಿ ಗೋವಾ ಸರ್ಕಾರವು ಘುಮಟನ್ನು ರಾಜ್ಯದ ಪಾರಂಪರಿಕ ವಾದ್ಯವೆಂದು ಘೋಷಿಸಿತು. ವಿರಹ, ಹಂಬಲಗಳ ಮಾಂಡೊ ಮುಗಿದೊಡನೆ ಚುರುಕು ಲಯದ ದುಲ್ಪದ್ ಆರಂಭವಾಗುತ್ತದೆ. ಊರಿನ ಜನರ ನಡೆನುಡಿ, ತುಂಟತನಗಳು ಅದರ ವಸ್ತು.

ಇಷ್ಟೊಂದು ವಾದ್ಯಗಾರರು ಒಂದು ಸಣ್ಣ ನಾಡಿನಲ್ಲಿ ಹೇಗೆ ಹುಟ್ಟಿದರು? ಉತ್ತರವು ಇಗರ್ಜಿಯ ಶಾಲೆಗಳಲ್ಲಿದೆ. ಅಲ್ಲಿ ಬಾಲಕರಿಗೆ ಸ್ವರಲಿಪಿಯನ್ನು ಓದಲು, ಪಿಟೀಲು ನುಡಿಸಲು ಕಲಿಸುತ್ತಿದ್ದರು. ಪೂಜೆಗೆಂದು ಕಲಿತ ವಿದ್ಯೆಯು ಮುಂದೆ ಹೊಟ್ಟೆಪಾಡಿನ ದಾರಿಯಾಯಿತು. ಊರಿನಲ್ಲಿ ಕೆಲಸವಿಲ್ಲದ ವಾದಕರು ಮುಂಬಯಿಯ ಹೋಟೆಲುಗಳಿಗೆ, ಅಲ್ಲಿಂದ ಹಿಂದಿ ಚಲನಚಿತ್ರಗಳ ವಾದ್ಯಮೇಳಗಳಿಗೆ ವಲಸೆ ಹೋದರು. ಮಜೋರ್ಡಾ ಗ್ರಾಮದ ಆಂಥೊನಿ ಗೊನ್ಸಾಲ್ವಿಸ್ ಅಂಥವರಲ್ಲಿ ಒಬ್ಬರು. ಅವರಲ್ಲಿ ಪಿಟೀಲು ಕಲಿತ ಪ್ಯಾರೇಲಾಲರು 1977ರ ‘ಅಮರ್ ಅಕ್ಬರ್ ಆಂಥೊನಿ’ ಚಿತ್ರದ ಪ್ರಸಿದ್ಧ ಹಾಡಿನಲ್ಲಿ ಗುರುವಿನ ಹೆಸರನ್ನು ಉಳಿಸಿದರು. ಹಾಡನ್ನು ಬಲ್ಲವರು ಕೋಟ್ಯಂತರ, ಆ ಹೆಸರಿನ ವಾದಕನೊಬ್ಬನಿದ್ದನೆಂದು ಬಲ್ಲವರು ಕೆಲವರೇ.

ತಿಯಾತ್ರವೂ ವಲಸೆಯ ಕೂಸು. ಪೋರ್ಚುಗೀಸ್ ಭಾಷೆಯ ‘ತೆಯಾತ್ರು’ ಎಂಬ ಪದದಿಂದ ಬಂದ ಈ ಹೆಸರಿನ ಮೊದಲ ನಾಟಕ ‘ಇಟಾಲಿಯನ್ ಭುರ್ಗೊ’. ಅದು 1892ರಲ್ಲಿ ಪ್ರದರ್ಶನಗೊಂಡದ್ದು ಗೋವೆಯಲ್ಲಿ ಅಲ್ಲ, ಮುಂಬಯಿಯಲ್ಲಿ. ಅಂಕಗಳ ನಡುವೆ ಪರದೆಯ ಮುಂದೆ ಬಂದು ಗಾಯಕರು ಹಾಡುವ ಹಾಡುಗಳಿಗೆ ನಾಟಕದ ಕಥೆಯೊಡನೆ ಸಂಬಂಧವಿರಬೇಕಾಗಿಲ್ಲ. ಮಂತ್ರಿಯ ನಡತೆ, ಬೆಲೆಯೇರಿಕೆ, ಊರಿನ ಜಗಳ ಯಾವುದೂ ಅಲ್ಲಿ ಹಾಡಾಗಬಹುದು. ಕನ್ನಡದ ವೃತ್ತಿರಂಗಭೂಮಿಯ ಹಾಡು, ಹಾಸ್ಯಗಳನ್ನು ಬಲ್ಲವರಿಗೆ ಈ ರಚನೆ ಪರಿಚಿತವೆನಿಸುತ್ತದೆ.

ಮೂರನೆಯ ನೆಲೆ ತಾವೆರ್ನ. ಲ್ಯಾಟಿನ್ ಮೂಲದಲ್ಲಿ ಈ ಪದಕ್ಕೆ ಅಂಗಡಿ, ಗುಡಿಸಲು ಎಂಬ ಅರ್ಥಗಳಿದ್ದವು. ದಿನದ ದುಡಿಮೆ ಮುಗಿಸಿದವರು ಬೆಂಚಿನ ಮೇಲೆ ಕುಳಿತು ಫೆನಿ ಕುಡಿಯುವ ಸಣ್ಣ ಕೋಣೆಯೇ ತಾವೆರ್ನ. ಫೆನಿಗೆ ಬೇಕಾದ ಗೇರುಮರವನ್ನು ಪೋರ್ಚುಗೀಸರು ಬ್ರೆಜಿಲಿನಿಂದ ತಂದರು. ಬೇಸಗೆಯಲ್ಲಿ ಗೇರುಹಣ್ಣನ್ನು ತುಳಿದು ರಸ ತೆಗೆದು, ಹುಳಿ ಬರಿಸಿ, ಭಟ್ಟಿಯಲ್ಲಿ ಕಾಯಿಸುತ್ತಾರೆ. ಮೊದಲ ಬಾರಿ ಇಳಿಸಿದ್ದು ಉರ್ರಾಕ್, ಮತ್ತೊಮ್ಮೆ ಇಳಿಸಿದಾಗ ಫೆನಿ. ‘ಭಟ್ಟಿ ಇಳಿಸು’ ಎಂಬ ನುಡಿ ಕನ್ನಡದಲ್ಲಿಯೂ ಇದೆಯೆಂಬುದು ಗಮನಾರ್ಹ. 2009ರಲ್ಲಿ ಗೋವೆಯ ಗೇರು ಫೆನಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಫೆನಿಯ ಕೋಣೆಯಲ್ಲಿರುವ ಮೇಜು, ಅದಕ್ಕೆ ಹಾಕುವ ಬೀಗದ ಚಾವಿ, ಅಡುಗೆಯ ಬಟಾಟೆ ಈ ಪದಗಳೂ ಪೋರ್ಚುಗೀಸ್ ನುಡಿಯಿಂದ ಹೊರಟು ಕನ್ನಡಕ್ಕೆ ಬಂದಿವೆ.

ಕುಡಿತವನ್ನು ಈ ಎರಡು ಭಾಷೆಗಳು ಹೇಗೆ ಹಾಡಿದವೆಂಬುದು ಸಾಹಿತ್ಯದ ವಿದ್ಯಾರ್ಥಿಗಳಿಗೆ ಕುತೂಹಲಕರ ವಿಷಯ. ಜಿ.ಪಿ. ರಾಜರತ್ನಂ ಅವರ ‘ರತ್ನನ ಪದಗಳು’ ಕೃತಿಯಲ್ಲಿ ಕುಡುಕನೇ ಮಾತನಾಡುತ್ತಾನೆ. ಆಡುನುಡಿಯಲ್ಲಿಯೇ ತನ್ನ ಪುಟ್ನಂಜಿಯನ್ನು, ಬಡತನವನ್ನು, ಕನ್ನಡದ ಅಭಿಮಾನವನ್ನು ಹೇಳಿಕೊಳ್ಳುತ್ತಾನೆ. ಮೈಸೂರು ಅನಂತಸ್ವಾಮಿಯವರ ಕಂಠದಿಂದ ಆ ಪದಗಳು ಮನೆಮನೆಯನ್ನು ತಲುಪಿದವು. ಕೊಂಕಣಿಯಲ್ಲಿ ಕ್ರಿಸ್ ಪೆರಿ ಸಂಯೋಜಿಸಿದ ‘ಬೆಬ್ದೊ’ ಇದೆ. ಬೆಬ್ದೊ ಎಂದರೆ ಕುಡುಕ. ಆದರೆ ಅದನ್ನು ಹಾಡಿದ್ದು ಲೋರ್ನಾ ಕೊರ್ದೇರೊ ಎಂಬ ಗಾಯಕಿ. ರತ್ನನಲ್ಲಿ ಕುಡುಕನ ದನಿಯೇ ಕೇಳಿದರೆ, ಇಲ್ಲಿ ಕುಡುಕನ ಕಥೆಯು ಹೆಣ್ಣಿನ ಕಂಠದಿಂದ ಕೇಳಿಬರುತ್ತದೆ. ಎರಡು ದಶಕಗಳಿಗೂ ಮೀರಿದ ಮೌನದ ಬಳಿಕ ಲೋರ್ನಾ 1995ರಲ್ಲಿ ವೇದಿಕೆಗೆ ಮರಳಿದರು. ಇತ್ತ ಮಂಗಳೂರಿನಲ್ಲಿ ವಿಲ್ಫಿ ರೆಬಿಂಬಸ್ ಅವರು ‘ವಿಲ್ಫಿ ನೈಟ್’ ಎಂಬ ಗಾಯನಸಂಜೆಗಳ ಮೂಲಕ ಕೊಂಕಣಿಯ ಹಾಡನ್ನು ಕರ್ನಾಟಕದ ಕರಾವಳಿಯಲ್ಲಿ ಬೆಳೆಸಿದರು.

ಇಂದು ಗೋವೆಯ ಇರುಳಿನ ಮೇಲೆ ಹಲವರ ಹಕ್ಕುಗಳು ಪರಸ್ಪರ ಎದುರಾಗಿ ನಿಂತಿವೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಸಾಂಸ್ಕೃತಿಕ, ಧಾರ್ಮಿಕ ಹಬ್ಬಗಳಿಗೆಂದು ವರ್ಷದಲ್ಲಿ 15 ದಿನಗಳನ್ನು ಮೀರದಂತೆ ಮಧ್ಯರಾತ್ರಿಯವರೆಗೆ ರಾಜ್ಯಗಳು ವಿನಾಯಿತಿ ನೀಡಬಹುದು. ಅಂಜುಣ, ವಾಗಾತೋರ್ ಭಾಗದ ನಿವಾಸಿಗಳು ಕಡಲತೀರದ ಅಬ್ಬರದ ಸಂಗೀತದ ವಿರುದ್ಧ ನ್ಯಾಯಾಲಯದ ಮೊರೆ ಹೋಗಿದ್ದಾರೆ. ಮಕ್ಕಳ ಓದು, ವೃದ್ಧರ ನಿದ್ದೆ ಅವರ ಅಳಲು. ಅದೇ ನಿಯಮವು ಊರಹಬ್ಬದ ಬಯಲು ತಿಯಾತ್ರಕ್ಕೂ ಅನ್ವಯಿಸುತ್ತದೆ. ಇಡೀ ರಾತ್ರಿಯ ಯಕ್ಷಗಾನವು ಕಾಲಮಿತಿಗೆ ಒಳಗಾಗುತ್ತಿರುವುದನ್ನು ಕಂಡ ಕನ್ನಡಿಗರಿಗೆ ಈ ಇಕ್ಕಟ್ಟು ಅರ್ಥವಾಗದಿರದು. ನಿಯಮಕ್ಕೆ ಪರಂಪರೆಯ ದನಿ, ವ್ಯಾಪಾರದ ದನಿ ಎಂಬ ಭೇದವಿಲ್ಲ. ಆ ಭೇದವನ್ನು ವಿವೇಚಿಸುವ ಹೊಣೆ ಸಮಾಜದ್ದು.

ಇರುಳಿನ ಕೂಟಕ್ಕೆ ದುಡಿಯುವವರು ಇನ್ನೊಂದು ವರ್ಗ. 2025ರ ಡಿಸೆಂಬರ್ 6ರ ನಡುರಾತ್ರಿ ಅರ್ಪೋರಾದ ನೈಟ್‌ಕ್ಲಬ್ಬೊಂದರಲ್ಲಿ ಬೆಂಕಿ ಹೊತ್ತಿ 25 ಮಂದಿ ಅಸುನೀಗಿದರು. ಅವರಲ್ಲಿ ಬಹುಪಾಲು ಜನ ದೂರದ ಊರುಗಳಿಂದ ಬಂದು ಅಲ್ಲಿ ದುಡಿಯುತ್ತಿದ್ದ ಕೆಲಸಗಾರರು. ಉತ್ತರ ಕರ್ನಾಟಕದಿಂದ ಗೋವೆಗೆ ದುಡಿಯಲು ಹೋದ ಕನ್ನಡಿಗರ ಸಂಖ್ಯೆಯೂ ಸಣ್ಣದಲ್ಲ. ಗೆಳೆಯರ ತಂಡವು ಹಾಡು ಕೇಳುತ್ತ ಕುಳಿತಿರುವಾಗ ಒಳಗೆ ಪಾತ್ರೆ ತೊಳೆಯುತ್ತಿರುವವನು ಗದಗದ ಕಡೆಯವನಿರಬಹುದು.

ಮುಂದಿನ ಬಾರಿ ಗೋವೆಗೆ ಹೋಗುವ ವಿದ್ಯಾರ್ಥಿಗಳು ಒಂದು ಸಂಜೆಯನ್ನು ತಿಯಾತ್ರಕ್ಕೆ ಮೀಸಲಿಡಬಹುದು. ಪಣಜಿಯ ಕಲಾ ಅಕಾಡೆಮಿ, ಮಡಗಾಂವಿನ ರವೀಂದ್ರ ಭವನಗಳಲ್ಲಿ ಅದು ನಡೆಯುತ್ತದೆ. ಕೊಂಕಣಿ ಬಾರದವರಿಗೂ ಪರದೆಯ ಮುಂದಿನ ಹಾಡು, ಸಭಿಕರ ನಗು ಬಹಳಷ್ಟನ್ನು ತಿಳಿಸುತ್ತವೆ. ಹೊರಬಂದ ಬಳಿಕ ಊಟ ಬಡಿಸಿದವನ ಊರು ಯಾವುದೆಂದು ಕನ್ನಡದಲ್ಲಿಯೇ ಒಮ್ಮೆ ಕೇಳಿ ನೋಡಬಹುದು.