ನಿಮಗಿದು ಗೊತ್ತೆ? ವಸಂತ್ ಕುಂಜ್‌ನ ನೆಲದಡಿಯ ಗೋರಿ

• ದೆಹಲಿಯ ವಸಂತ್ ಕುಂಜ್ ಬಡಾವಣೆಯ ಪಕ್ಕದಲ್ಲೇ ಇರುವ ‘ಸುಲ್ತಾನ್ ಘಾರಿ’ ದೆಹಲಿ ಸುಲ್ತಾನರ ಕಾಲದ ಮೊದಲ ಭವ್ಯ ಸಮಾಧಿ. ಸುಲ್ತಾನ್ ಇಲ್ತುತ್‌ಮಿಶ್ ತನ್ನ ಹಿರಿಯ ಮಗ ನಾಸಿರುದ್ದೀನ್ ಮಹಮೂದ್‌ನ ನೆನಪಿಗೆ ಇದನ್ನು 1231ರಲ್ಲಿ ಕಟ್ಟಿಸಿದ.

• ಹೊರಗಿನಿಂದ ನೋಡಿದರೆ ನಾಲ್ಕು ಮೂಲೆಗಳಲ್ಲಿ ಬುರುಜುಗಳಿರುವ ಪುಟ್ಟ ಕೋಟೆ. ಗೋರಿ ಇರುವುದು ಅಂಗಳದ ಅಷ್ಟಕೋನದ ಜಗಲಿಯ ಕೆಳಗೆ, ನೆಲಮಾಳಿಗೆಯಲ್ಲಿ.

• ಹಳೆಯ ದೇಗುಲಗಳ ಕಂಬ, ಕಲ್ಲುಗಳೂ ಕಟ್ಟಡದಲ್ಲಿ ಸೇರಿವೆ.

• ಗುರುವಾರಗಳಂದು ಹಿಂದೂಗಳು, ಮುಸ್ಲಿಮರು ಇಬ್ಬರೂ ಇಲ್ಲಿಗೆ ಬಂದು ಹರಕೆ ಹೊರುತ್ತಾರೆ.

• ಈ ಸಮಾಧಿ ಕಟ್ಟಿಸಿದಾಗ ಕರ್ನಾಟಕದಲ್ಲಿ ಹೊಯ್ಸಳ ಇಮ್ಮಡಿ ನರಸಿಂಹನ ಆಳ್ವಿಕೆ. ಹರಿಹರದ ಹರಿಹರೇಶ್ವರ ದೇವಾಲಯ ಅವನ ಕಾಲದ್ದೇ.

• ಸುಲ್ತಾನ್ ಘಾರಿಗೆ ಮಕ್ಕಳೊಂದಿಗೆ ಹೋಗುವವರು ಟಾರ್ಚ್ ಒಯ್ಯಿರಿ. ನೆಲಮಾಳಿಗೆಯ ಮೆಟ್ಟಿಲು ಇಳಿಯುವಾಗ ಅವರ ಕೈ ಹಿಡಿದುಕೊಳ್ಳಿ.