ನೆಲಹಾಸಿನ ಕೆಲಸದಲ್ಲಿ ಕತ್ತರಿಸುವ ಚಕ್ರ: ಮಾರುವವರೂ ಬಳಸುವವರೂ ಅರಿತಿರಬೇಕಾದ ಸಂಗತಿಗಳು

ಮನೆ ಕಟ್ಟುವವರ ಅಭಿರುಚಿ ಬದಲಾದಂತೆ ನೆಲಹಾಸಿನ ವ್ಯಾಪಾರವೂ ಬದಲಾಗುತ್ತ ಬಂದಿದೆ. ಶಹಾಬಾದ್ ಕಲ್ಲು, ಕಡಪ ಕಲ್ಲು ಅಥವಾ ಸಿಮೆಂಟಿನ ನೆಲವೇ ಸಾಮಾನ್ಯವಾಗಿದ್ದ ಮನೆಗಳಿಗೆ ಈಗ ವಿಟ್ರಿಫೈಡ್ ಟೈಲ್ಸ್, ಗ್ರಾನೈಟ್ ಹಾಗೂ ಕ್ವಾರ್ಟ್ಜ್ ಹಲಗೆಗಳು ಬಂದಿವೆ. ದಾವಣಗೆರೆ, ಹರಿಹರ ನಗರಗಳಲ್ಲಿ ಮಾತ್ರವಲ್ಲ, ನಂದಿಗುಡಿ, ಮಲೇಬೆನ್ನೂರು ಕಡೆಯ ಹಳ್ಳಿಗಳಲ್ಲಿಯೂ ಇವುಗಳಿಗೆ ಬೇಡಿಕೆಯಿದೆ. ಇವುಗಳ ಜೊತೆಯಲ್ಲಿಯೇ ಬಳಕೆಗೆ ಬಂದ ಉಪಕರಣವೆಂದರೆ ವಿದ್ಯುತ್ ಚಾಲಿತ ಕತ್ತರಿಸುವ ಚಕ್ರ. ಇಂದು ಅದನ್ನು ನುರಿತ ಕೆಲಸಗಾರರಷ್ಟೇ ಅಲ್ಲ, ಮನೆಯ ಸಣ್ಣಪುಟ್ಟ ದುರಸ್ತಿಗೆಂದು ಗೃಹಸ್ಥರೂ ಕೊಂಡೊಯ್ಯುತ್ತಿದ್ದಾರೆ.

ಯಂತ್ರ ಒಂದೇ ಆದರೂ ಅದಕ್ಕೆ ಜೋಡಿಸುವ ಚಕ್ರಗಳು ಹಲವು. ಯಾವ ವಸ್ತುವಿಗೆ ಯಾವ ಚಕ್ರ ಎಂಬ ತೀರ್ಮಾನವು ಬಹುಪಾಲು ಅಂಗಡಿಯ ಕಟ್ಟೆಯ ಮೇಲೆಯೇ ಆಗುತ್ತದೆ. ಆದಕಾರಣ ಈ ವಿಷಯವು ಕೆಲಸಗಾರರಿಗೆ ಎಷ್ಟು ಮುಖ್ಯವೋ ವರ್ತಕರಿಗೂ ಅಷ್ಟೇ ಮುಖ್ಯವಾಗಿದೆ.

ಎರಡು ಬಗೆಯ ಯಂತ್ರಗಳು

ಮಾರ್ಬಲ್ ಕಟರ್‌ಗೆ ಸಾಮಾನ್ಯವಾಗಿ 110 ಮಿ.ಮೀ. ವ್ಯಾಸದ ಚಕ್ರವಿರುತ್ತದೆ. ಅದರ ತಳದ ತಟ್ಟೆಯು ಕಲ್ಲಿನ ಮೇಲೆ ಸಮನಾಗಿ ಕೂರುವುದರಿಂದ ಹಾಗೂ ಆಳವನ್ನು ಹೊಂದಿಸಿಕೊಳ್ಳಲು ಬರುವುದರಿಂದ ನೇರ ಕಡಿತಕ್ಕೆ ಇದೇ ಸೂಕ್ತ. ಆಂಗಲ್ ಗ್ರೈಂಡರ್ ಅನ್ನು ಬೇಕಾದ ಕೋನದಲ್ಲಿ ಹಿಡಿಯಬಹುದು. ಸ್ವಿಚ್ ಪೆಟ್ಟಿಗೆಗೆ ಕಿಂಡಿ ಬಿಡುವುದು, ಕೊಳವೆಯ ಸುತ್ತ ಟೈಲ್ಸ್ ಕೊರೆಯುವುದು, ಗೋಡೆಯಂಚಿನ ಪಟ್ಟಿಯ ಮೂಲೆ ಹೊಂದಿಸುವುದು ಮುಂತಾದ ಕೆಲಸಗಳಿಗೆ ಅದು ಒದಗುತ್ತದೆ. ಯಾವುದರಿಂದಲೇ ಆಗಲಿ, ಗ್ರಾನೈಟನ್ನು ಒಮ್ಮೆಗೇ ಪೂರ್ಣ ಆಳಕ್ಕೆ ಕತ್ತರಿಸದೆ, ಒಂದೊಂದು ಸಲಕ್ಕೆ ಕೆಲವೇ ಮಿಲಿಮೀಟರ್‌ನಂತೆ ಇಳಿಸುತ್ತ ಹೋದರೆ ಅಂಚು ಸಿಡಿಯುವುದು ಕಡಿಮೆಯಾಗುತ್ತದೆ, ಮೋಟಾರೂ ಬಾಳಿಕೆ ಬರುತ್ತದೆ.

ಚಕ್ರದ ಆಯ್ಕೆ

ಹೊಳಪಿನ ಟೈಲ್ಸ್‌ಗೆ ಅಂಚು ಅಖಂಡವಾಗಿರುವ ವಜ್ರದ ಚಕ್ರ ಬೇಕು. ಇದರಿಂದ ಮೇಲ್ಮೈ ಚಕ್ಕೆ ಏಳುವುದು ತಪ್ಪುತ್ತದೆ. ಗ್ರಾನೈಟ್ ಹಾಗೂ ಕಾಂಕ್ರೀಟಿಗೆ ಅಂಚಿನಲ್ಲಿ ಸೀಳುಗಳುಳ್ಳ ಚಕ್ರ ಒಳ್ಳೆಯದು. ಸೀಳುಗಳು ಶಾಖವನ್ನು ತಗ್ಗಿಸಿ ಪುಡಿಯನ್ನು ಹೊರಹಾಕುತ್ತವೆ.

ವಜ್ರದ ಕಣಗಳನ್ನು ಹಿಡಿದಿಡುವ ಲೋಹವು ಕ್ರಮೇಣ ಸವೆದಾಗ ಮಾತ್ರ ಹೊಸ ಕಣಗಳು ಮೇಲಕ್ಕೆ ಬರುತ್ತವೆ. ಗಟ್ಟಿ ಕಲ್ಲಿಗೆ ಮೃದು ಬಂಧದ ಚಕ್ರ, ಉರುಟು ಕಲ್ಲಿಗೆ ಗಟ್ಟಿ ಬಂಧದ ಚಕ್ರ ಎಂಬ ನಿಯಮಕ್ಕೆ ಇದೇ ಕಾರಣ. ಚಕ್ರವು ಕತ್ತರಿಸದೆ ಬರಿದೆ ಉಜ್ಜತೊಡಗಿದರೆ ಅದನ್ನು ಎಸೆಯಬೇಕಾಗಿಲ್ಲ. ಮರಳುಗಲ್ಲು ಅಥವಾ ಉರುಟು ಇಟ್ಟಿಗೆಯ ಮೇಲೆ ಕೆಲವು ಬಾರಿ ಹಾಯಿಸಿದರೆ ಹರಿತ ಮರಳುತ್ತದೆ.

ಲೋಹದ ಅಂಚುಪಟ್ಟಿಗಳಿಗೆ ರಾಳದಿಂದ ಬಂಧಿಸಿದ ತೆಳು ಚಕ್ರವನ್ನು ಬಳಸುವುದು ರೂಢಿ. ಇಂಥ ಚಕ್ರಕ್ಕೆ ಆಯುಷ್ಯ ಉಂಟು. ನಡುವಿನ ಲೋಹದ ಬಳೆಯ ಮೇಲೆ ತಿಂಗಳು ಹಾಗೂ ವರ್ಷವನ್ನು ಮುದ್ರಿಸಿರುತ್ತಾರೆ. ಅವಧಿ ಮೀರಿದ್ದನ್ನೂ ತೇವ ತಗುಲಿದ್ದನ್ನೂ ಮಾರಬಾರದು. ತೆಳು ಚಕ್ರದ ಪಕ್ಕದಿಂದ ಒತ್ತಿ ಉಜ್ಜುವುದೂ ಅಪಾಯಕರ.

ವೇಗದ ಲೆಕ್ಕಾಚಾರ

ನಿಮಿಷಕ್ಕೆ 11,000 ಸುತ್ತು ತಿರುಗುವ 100 ಮಿ.ಮೀ. ಚಕ್ರದ ಅಂಚು ಸೆಕೆಂಡಿಗೆ ಸುಮಾರು 58 ಮೀಟರ್, ಅಂದರೆ ಗಂಟೆಗೆ 200 ಕಿ.ಮೀ.ಗೂ ಹೆಚ್ಚಿನ ವೇಗದಲ್ಲಿ ಚಲಿಸುತ್ತದೆ. ರಾಳದ ಚಕ್ರಗಳಿಗೆ ಸಾಮಾನ್ಯ ಮಿತಿ ಸೆಕೆಂಡಿಗೆ 80 ಮೀಟರ್. ಹೆಚ್ಚು ಆಳ ಸಿಗಲೆಂದು ಕಾಪನ್ನು ಬಿಚ್ಚಿ ಅದೇ ಯಂತ್ರಕ್ಕೆ 180 ಮಿ.ಮೀ. ಚಕ್ರ ಹಾಕಿದರೆ ವೇಗವು 100 ಮೀಟರನ್ನು ದಾಟುತ್ತದೆ, ಚಕ್ರ ಸಿಡಿಯುವ ಸಂಭವವಿರುತ್ತದೆ. ಚಕ್ರದ ಮೇಲೆ ಬರೆದ ಸುತ್ತಿನ ಮಿತಿಯು ಯಂತ್ರದ ಸುತ್ತಿಗಿಂತ ಕಡಿಮೆಯಿರಕೂಡದು. 1941ರಲ್ಲಿ ಸ್ಥಾಪನೆಗೊಂಡ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಮೂಲಕ ಲೇತ್ ಯಂತ್ರಗಳಿಗೆ ಹೆಸರಾಗಿದ್ದ ಹರಿಹರದಲ್ಲಿ, ತಿರುಗುವ ಯಂತ್ರಕ್ಕೆ ಕಾಪು ಏಕೆ ಬೇಕೆಂಬುದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಮರದ ಅಂಚುಪಟ್ಟಿ ಹಾಗೂ ಬಾಗಿಲ ಚೌಕಟ್ಟಿನ ಕೆಲಸಕ್ಕೆ ಆಂಗಲ್ ಗ್ರೈಂಡರ್‌ಗೆ ಹಲ್ಲಿನ ಗರಗಸದ ಚಕ್ರವನ್ನು ಸಿಕ್ಕಿಸುವುದು ಎಲ್ಲಕ್ಕಿಂತ ಕೆಟ್ಟ ಪದ್ಧತಿ. ಹಲ್ಲು ಮರದಲ್ಲಿ ಕಚ್ಚಿಕೊಂಡ ಕ್ಷಣವೇ ಯಂತ್ರವು ಹಿಡಿದವರ ಕಡೆಗೆ ಚಿಮ್ಮುತ್ತದೆ. ಮಾರ್ಬಲ್ ಕಟರ್‌ನಲ್ಲಿಯೂ ಚಕ್ರದ ಕೆಳಭಾಗ ತೆರೆದೇ ಇರುತ್ತದೆ. ಮರಕ್ಕೆ, ಕೆಳಗಿನ ಕಾಪು ತಾನಾಗಿ ಮುಚ್ಚಿಕೊಳ್ಳುವ ಸರ್ಕ್ಯುಲರ್ ಗರಗಸ, ಇಲ್ಲವೇ ಜಿಗ್‌ಸಾ ಅಥವಾ ಕೈಗರಗಸವೇ ಸರಿ.

ಕಣ್ಣಿಗೆ ಕಾಣದ ಹಾನಿ

ಬೆರಳಿನ ಗಾಯ ತಕ್ಷಣ ಕಾಣುತ್ತದೆ. ಶ್ವಾಸಕೋಶದ ಗಾಯ ಕಾಣಲು ವರ್ಷಗಳೇ ಬೇಕು. ಕಲ್ಲಿನ ಧೂಳಿನಲ್ಲಿರುವ ಸ್ಫಟಿಕ ರೂಪದ ಸಿಲಿಕಾ ಶ್ವಾಸಕೋಶದಲ್ಲಿ ನೆಲೆಸಿ ಸಿಲಿಕೋಸಿಸ್ ಎಂಬ ಗುಣವಾಗದ ರೋಗವನ್ನು ತರುತ್ತದೆ. ಭಾರತದಲ್ಲಿ ಈ ರೋಗವು ಮೊದಲು ವರದಿಯಾದುದು ನಮ್ಮ ರಾಜ್ಯದಲ್ಲಿಯೇ, 1934ರಲ್ಲಿ, ಕೋಲಾರದ ಚಿನ್ನದ ಗಣಿಗಳಿಂದ. 1997ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಉಸಿರಿನೊಡನೆ ಒಳಸೇರುವ ಈ ಧೂಳನ್ನು ಮಾನವರಲ್ಲಿ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿತು.

ಎಲ್ಲ ಕಲ್ಲುಗಳ ಅಪಾಯವೂ ಸಮನಲ್ಲ. ಅಮೃತಶಿಲೆಯಲ್ಲಿ ಸಿಲಿಕಾ ಬಹಳ ಕಡಿಮೆ. ಗ್ರಾನೈಟ್‌ನಲ್ಲಿ ಸಾಮಾನ್ಯವಾಗಿ ಶೇ. 20ರಿಂದ 45. ಅಡುಗೆಮನೆಯ ಕಟ್ಟೆಗೆ ಬಳಸುವ ಕೃತಕ ಕ್ವಾರ್ಟ್ಜ್ ಹಲಗೆಯಲ್ಲಿ ಅದು ಶೇ. 90ನ್ನೂ ಮೀರಬಹುದು. ಯುವ ಕೆಲಸಗಾರರಲ್ಲಿ ಸಿಲಿಕೋಸಿಸ್ ಪ್ರಕರಣಗಳು ಕಂಡುಬಂದುದರಿಂದ ಆಸ್ಟ್ರೇಲಿಯವು 2024ರ ಜುಲೈ 1ರಿಂದ ಇಂಥ ಹಲಗೆಗಳನ್ನು ನಿಷೇಧಿಸಿತು.

ಪರಿಹಾರ ದುಬಾರಿಯಲ್ಲ. ನೀರು ಹಾಯಿಸಿ ಕತ್ತರಿಸುವುದು ಮೊದಲನೆಯದು. ಕೆಸರನ್ನು ಒಣಗುವ ಮೊದಲೇ ಒರೆಸಿ ತೆಗೆಯಬೇಕು, ಒಣಗಿದರೆ ಅದೇ ಮತ್ತೆ ಧೂಳಾಗುತ್ತದೆ. ಒಳಕೋಣೆಯಲ್ಲಿ ಕತ್ತರಿಸದೆ ಅಂಗಳದಲ್ಲಿ ಕತ್ತರಿಸುವುದು ಮನೆಯವರಿಗೂ ಕ್ಷೇಮ. ಮುಖಕ್ಕೆ ಸುತ್ತಿದ ಟವೆಲು ಸೂಕ್ಷ್ಮ ಧೂಳನ್ನು ತಡೆಯಲಾರದು, ಕನಿಷ್ಠ ಎನ್-95 ದರ್ಜೆಯ ಮುಖಗವಸು ಬೇಕು. ನೀರು ಬಳಸುವಾಗ ನೀರಿನ ಸರಬರಾಜಿಗೆ ಅನುವಾಗುವಂತೆ ರಚಿಸಿದ ಯಂತ್ರವನ್ನೇ ಆರಿಸಿ, 30 ಮಿಲಿ ಆಂಪಿಯರ್‌ನ ಸೋರಿಕೆ ವಿದ್ಯುತ್ ನಿರೋಧಕದ ಮೂಲಕವೇ ಸಂಪರ್ಕ ಕೊಡತಕ್ಕದ್ದು.

ವರ್ತಕರ ಪಾತ್ರ

ಯಂತ್ರ ಕೇಳಿ ಬಂದ ಗ್ರಾಹಕರಿಗೆ ವರ್ತಕರು ಮೂರು ಪ್ರಶ್ನೆಗಳನ್ನು ಕೇಳಿದರೆ ಸಾಕು: ಕತ್ತರಿಸುವ ವಸ್ತು ಯಾವುದು, ಯಂತ್ರದ ಸುತ್ತು ಎಷ್ಟು, ನೀರಿನ ಅನುಕೂಲವಿದೆಯೇ? ಉತ್ತರಕ್ಕೆ ತಕ್ಕ ಚಕ್ರದೊಡನೆ ಕನ್ನಡಕ, ಮುಖಗವಸುಗಳನ್ನೂ ಒಂದೇ ಕಟ್ಟಾಗಿ ಕೊಡಬಹುದು. ಯಂತ್ರದ ಬೆಲೆಯ ಮುಂದೆ ಇವುಗಳ ಬೆಲೆ ಅಲ್ಪವೇ. ಗ್ರಾನೈಟ್ ಹಾಗೂ ಕ್ವಾರ್ಟ್ಜ್ ಕೆಲಸದ ಸಣ್ಣ ಘಟಕಗಳ ಮಾಲೀಕರು ಒಣ ಕಡಿತವನ್ನು ಪೂರ್ಣವಾಗಿ ನಿಲ್ಲಿಸಿ, ಕೆಲಸಗಾರರ ಎದೆಯ ಕ್ಷ-ಕಿರಣ ತಪಾಸಣೆಯನ್ನು ಕಾಲಕಾಲಕ್ಕೆ ಮಾಡಿಸುವುದು ಒಳಿತು. ನುರಿತ ಕೆಲಸಗಾರನೊಬ್ಬ ನಡುವಯಸ್ಸಿನಲ್ಲಿಯೇ ಕೆಲಸ ಬಿಡಬೇಕಾಗಿ ಬಂದರೆ ಅವನ ಮನೆ ಆಧಾರ ಕಳೆದುಕೊಳ್ಳುತ್ತದೆ, ಘಟಕವು ಅವನ ಕೈಕುಶಲವನ್ನು ಕಳೆದುಕೊಳ್ಳುತ್ತದೆ. ಆ ನಷ್ಟವನ್ನು ಯಾವ ರಿಯಾಯಿತಿಯೂ ತುಂಬಿಕೊಡಲಾರದು.