ಕುಂಡದಡಿಯ ಅಗಲ ತಲೆಯ ಹುಳು

ಪ್ರಶ್ನೆ: ಮುಲುಂಡಿನ ನಮ್ಮ ಬಾಲ್ಕನಿಯಲ್ಲಿ ಮಳೆ ಹಿಡಿದ ಮೇಲೆ ಕುಂಡದಡಿ ಗೇಣುದ್ದದ ಹುಳು ಕಂಡಿತು. ಬೆನ್ನ ಮೇಲೆ ಕಪ್ಪು ಗೆರೆ, ತಲೆ ಅಗಲ. ಇದು ಇಂಬಳವೇ? ಐದನೇ ಮಹಡಿಗೆ ಹೇಗೆ ಬಂತು?

ಉತ್ತರ: ಇಂಬಳವಲ್ಲ, ಭಯ ಬೇಡ, ಇದು ರಕ್ತ ಹೀರುವುದಿಲ್ಲ. ನೆಲದ ಮೇಲೆ ಬದುಕುವ ಚಪ್ಪಟೆ ಹುಳು ಇದು. ತಲೆ ಬೀಸಣಿಗೆಯಂತೆ ಹರಡಿದ್ದರೆ ಬೈಪಾಲಿಯಮ್ ಗುಂಪಿನದು. ಎರೆಹುಳುವಿನ ಉಂಗುರಗಳಾಗಲಿ ಇಂಬಳದ ಹೀರುಬಟ್ಟಲಾಗಲಿ ಇದಕ್ಕಿಲ್ಲ. ಬಾಯಿ ಇರುವುದು ಹೊಟ್ಟೆಯ ನಡುವೆ! ಅಲ್ಲಿಂದ ಗಂಟಲನ್ನು ಹೊರಚಾಚಿ, ಎರೆಹುಳುವನ್ನು ಕರಗಿಸಿ ಹೀರುತ್ತದೆ. ತೋಟಕ್ಕೆ ನಷ್ಟವಾಗುವುದು ಇಲ್ಲೇ.

ಬೆನ್ನಿಗೆ ಐದು ಗೆರೆಗಳಿದ್ದರೆ ಬಹುಶಃ ಬೈಪಾಲಿಯಮ್ ಕೆವೆನ್ಸ್. ಲಂಡನ್ನಿನ ಕ್ಯೂ ಉದ್ಯಾನದ ಗಾಜುಮನೆಯಲ್ಲಿ ಸಿಕ್ಕಿದ್ದಕ್ಕೆ 1878ರಲ್ಲಿ ಮೋಸ್ಲಿ ಎಂಬ ವಿಜ್ಞಾನಿ ಇಟ್ಟ ಹೆಸರು ಅದು. ತವರು ಮಾತ್ರ ಆಗ್ನೇಯ ಏಷ್ಯಾ. ಅದನ್ನು ಲೋಕವೆಲ್ಲ ಸುತ್ತಿಸಿದ್ದು ಕುಂಡದ ಮಣ್ಣು. ನಿಮ್ಮ ಮಹಡಿಗೂ ನರ್ಸರಿ ಗಿಡದ ಜೊತೆಗೇ ಬಂದಿರಬೇಕು. ಬಾಲದ ತುದಿಯನ್ನು ತಾನೇ ಕಳಚಿಬಿಡುತ್ತದೆ, ಕೆಲವೇ ದಿನಗಳಲ್ಲಿ ಆ ತುಂಡಿಗೆ ತಲೆ ಮೂಡುತ್ತದೆ. ಆದ್ದರಿಂದ ದಯವಿಟ್ಟು ಕತ್ತರಿಸಬೇಡಿ, ಒಂದು ಎರಡಾದೀತು. ಪಫರ್ ಮೀನಿನಲ್ಲಿರುವ ಟೆಟ್ರೋಡೋಟಾಕ್ಸಿನ್ ವಿಷ ಇದರಲ್ಲೂ ಇರುವುದು 2014ರಲ್ಲಿ ಪತ್ತೆಯಾಗಿದೆ. ಬರಿಗೈಯಲ್ಲಿ ಮುಟ್ಟದೆ ಉಪ್ಪು ಹಾಕಿದ ಡಬ್ಬಿಗೆ ಸೇರಿಸಿ.

ಆದರೆ ಬೊರಿವಲಿಯ ಕಾಡಿನಲ್ಲೋ ಘಟ್ಟದಲ್ಲೋ ಕಂಡರೆ ಬಿಟ್ಟುಬಿಡಿ. ಭಾರತಕ್ಕೆ ತನ್ನದೇ ಬೈಪಾಲಿಯಮ್ ಜಾತಿಗಳಿವೆ, ಅವು ಅಲ್ಲಿನ ಹಕ್ಕುದಾರರು. ಮುಂದಿನ ಸಲ ಗಿಡ ತಂದಾಗ ಬೇರಿನ ಮಣ್ಣುಂಡೆಯನ್ನೂ ಕುಂಡದ ತಳವನ್ನೂ ಒಮ್ಮೆ ಎತ್ತಿ ನೋಡಿ.